ಬಸುರಿಯ ಗಂಗಾಳದಲ್ಲಿ ಒಂದೇ ರೊಟ್ಟಿ

ಜವಳಗೇರಾದಲ್ಲಿರುವ ಮೊಮ್ಮಗಳು ಏಳು ತಿಂಗಳ ಬಸುರಿ. ನೋಡಲು ಹೋದೆ. ದಿನವಿಡೀ ಭತ್ತದ ನಾಟಿ ಮಾಡಿ ಬಂದವಳ ಗಂಗಾಳಕ್ಕೆ ಅವಳ ಅತ್ತೆ ಒಂದೇ ರೊಟ್ಟಿ ಹಾಕಿದಳು.

"ಇಷ್ಟೇನ್ರೀ?" ಎಂದೆ.

"ಹೆಚ್ಚಿಗಿ ತಿಂದ್ರ ಕೂಸು ದೊಡ್ಡದಾಗಿ ಹೆರಿಗಿ ಕಷ್ಟ ಆಗ್ತದ್ರೀ."

"ಗಬ್ಬದ ಎಮ್ಮಿಗಿ ಮಾತ್ರ ಬುಟ್ಟಿ ತುಂಬ ಹಿಂಡಿ ಹಾಕ್ತೀರಿ. ಅದೇನು ಕರು ಹಾಕೂದಿಲ್ಲೇನ್ರೀ ಬೀಗ್ತಿ?"

ಬೀಗತಿ ಮುಖ ತಿರುವಿದಳು. ನನ್ನ ರೊಟ್ಟಿಯನ್ನು ಹಾಕಲು ಹೋದರೆ ಮೊಮ್ಮಗಳೇ ಗಂಗಾಳಕ್ಕೆ ಕೈ ಅಡ್ಡ ಹಿಡಿದಳು.

"ಬ್ಯಾಡಬೇ ಅಜ್ಜಿ, ನನಗ ಅಂಜಿಕಿ ಆಗ್ತದ."

ತೂಕ ಏರಿಲ್ಲವೆಂದು ಆಸ್ಪತ್ರೆಯಲ್ಲಿ ನರ್ಸ್ ಬೈದದ್ದನ್ನೂ ಅವಳೇ ಹೇಳಿದಳು. ಮರುದಿನ ಜಗಳವಾಡಿ ಮಸ್ಕಿಯ ನನ್ನ ಮನೆಗೆ ಕರೆತಂದೆ. ಇಲ್ಲಿ ಅತ್ತೆಯಿಲ್ಲ, ನಾಟಿಯಿಲ್ಲ, ಬುಟ್ಟಿ ತುಂಬ ರೊಟ್ಟಿಯಿದೆ. ಆದರೂ ಒಂದನ್ನೇ ತಿಂದು ಕೈ ತೊಳೆಯುತ್ತಾಳೆ.