ಹೊಟ್ಟೆಯಿಲ್ಲದ ಗಿಟಾರ್

ಎರಡು ಗಿಟಾರುಗಳು ಒಂದೇ ಗಂಟಿನಲ್ಲಿ ನಮ್ಮ ಮನೆಗೆ ಬಂದವು.

ಹಳಿಯಾಳದಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ಆಗ ದೊಡ್ಡ ಮನೆತನದ ಹೆಂಗಸರು ಅಂಗಡಿಗೆ ಬಂದು ಸೀರೆ ಕೊಳ್ಳುವ ರೂಢಿ ಇರಲಿಲ್ಲ. ಹತ್ತು ಹನ್ನೆರಡು ಸೀರೆ ಗಂಟು ಕಟ್ಟಿ ಅವರ ಮನೆಗೆ ಕಳಿಸಬೇಕು. ಅವರು ನಾಲ್ಕು ದಿನ ಇಟ್ಟುಕೊಂಡು, ಬಿಸಿಲಿಗೆ ಹಿಡಿದು, ನೆರೆಯವರಿಗೆಲ್ಲ ತೋರಿಸಿ, ಒಂದನ್ನು ಆರಿಸಿಕೊಂಡು ಉಳಿದವನ್ನು ಮರಳಿಸುವರು. ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆಂದು ನಾನು ಹೇಳಿದಾಗ ಅಪ್ಪನಿಗೆ ಹೊಳೆದದ್ದೂ ಇದೇ ದಾರಿ.

"ಎರಡ ತರಸೂಣು ತಂಗಿ. ಎಂಟ ದಿನ ಮನ್ಯಾಗ ಇಟ್ಕೊಂಡ ನೋಡು. ಪಸಂದ ಬಂದದ್ದ ಇರ್ಲಿ, ಇನ್ನೊಂದ ವಾಪಸ್" ಎಂದರು ಅಪ್ಪ. ಮಗಳಾದ ನನ್ನನ್ನು ಅವರು ತಂಗಿ ಎಂದೇ ಕರೆಯುವುದು.

"ಎರಡೂ ಪಸಂದ ಬರಲಿಲ್ಲಂದ್ರ?" ಎಂದಳು ಅವ್ವ. ಆಕೆಯ ಆಸೆ ಅಲ್ಲಿತ್ತು.

ನಾನು ಆಗಲೇ ಎಂಟು ವರ್ಷದಿಂದ ಸಾದಾ ಗಿಟಾರ್ ನುಡಿಸುತ್ತಿದ್ದೆ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಕೋಣೆಯ ಜೊತೆಗಾತಿ ಕಾರವಾರದ ಕ್ರಿಶ್ಚಿಯನ್ ಹುಡುಗಿ. ಅವಳ ಗಿಟಾರಿನ ಮೇಲೆ ಕೈ ಕೂರಿಸಿಕೊಂಡೆ. ಎಂ.ಎ. ಮುಗಿಸಿ ಹೊರಡುವಾಗ ನನ್ನದೇ ಒಂದು ಕೊಂಡುಕೊಂಡೆ. ದಾಂಡೇಲಿಯ ಬಂಗೂರನಗರದಲ್ಲಿ ಶಿಕ್ಷಕಿಯಾದ ಮೇಲೂ ದಿನಾ ಸಂಜೆ ಬಸ್ಸಿನಿಂದಿಳಿದು ಮನೆಗೆ ಬಂದು, ಮುಖ ತೊಳೆದು, ಒಂದು ತಾಸು ನುಡಿಸುವುದು ತಪ್ಪಲಿಲ್ಲ. ಅದನ್ನು ಯಾರಿಗೂ ಹೇಳಿಕೊಂಡವಳಲ್ಲ. ಕೇಳಿದವರಿಗೆ "ಹೌದು, ಸ್ವಲ್ಪ ಬರ್ತದ" ಎನ್ನುತ್ತಿದ್ದೆ. ಅದು ವಿನಯವಾಗಿರಲಿಲ್ಲ. ಮಾತು ಅಲ್ಲಿಗೇ ಮುಗಿಯಲಿ ಎಂದಷ್ಟೇ.

ಆ ವರ್ಷ ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಹುಡುಗಿಯರ ಹಾಡಿಗೆ ಗಿಟಾರ್ ನುಡಿಸಲು ಒಪ್ಪಿಕೊಂಡೆ. ಎರಡು ತಿಂಗಳು ತಾಲೀಮು ಮಾಡಿದೆವು. ಹಾಡುವವರಿಗೆ ಒಂದು ಮೈಕು; ನಾನು ಪರದೆಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡಿದ್ದೆ. ಮುಂದೆ ಕಾಗದದ ಮಿಲ್ಲಿನ ಕಾಲನಿಯ ಜನ, ಮಕ್ಕಳು, ಮಾತು, ಶೇಂಗಾ ಒಡೆಯುವ ಸದ್ದು. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಮುಖ್ಯೋಪಾಧ್ಯಾಯಿನಿ ಚಹಾದ ಕಪ್ಪು ಕೈಗೆ ಕೊಡುತ್ತ ಪ್ರೀತಿಯಿಂದಲೇ ಅಂದರು: "ನೀವು ಗಿಟಾರ್ ಛಲೋ ಬಾರಸ್ತೀರಂತಲ್ರಿ. ಇವತ್ತ ಬಾರಸಬೇಕಿತ್ತು. ಹುಡುಗ್ಯಾರ ಹಾಡ ಬರೇ ಬರೇ ಅನಸ್ತು."

ನಾನು ನುಡಿಸಿದ್ದೆ ಎಂದು ಹೇಳಲಿಲ್ಲ. ಮುಂದಿನ ವರ್ಷ ನುಡಿಸುತ್ತೇನೆ ಎಂದೆ. ಆ ಮಾತನ್ನು ಸುಳ್ಳಾಗಿಸಬಾರದೆಂಬ ಹಟ ಹಳಿಯಾಳ ತಲುಪುವಷ್ಟರಲ್ಲಿ ಗಟ್ಟಿಯಾಗಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಮಾಡುವ ಒಬ್ಬರಿದ್ದರು. ಮದುವೆಗಳಿಗೆ ಲೌಡ್‌ಸ್ಪೀಕರ್ ಕೊಡುವವರೂ ಅವರೇ. ಊರೆಲ್ಲ ಅವರನ್ನು ಉಸ್ತಾದರು ಎನ್ನುತ್ತಿತ್ತು. ಅವರ ಹೆಂಡತಿಯ ತಮ್ಮ ಬೆಳಗಾವಿಯ ವಾದ್ಯಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿಟಾರು ಅಲ್ಲಿಂದ ತರಿಸುವುದು, ಸದ್ದು ದೊಡ್ಡದು ಮಾಡುವ ಮಶಿನನ್ನು ಹಳೆಯ ರೇಡಿಯೊದಿಂದ ತಾವೇ ಕಟ್ಟಿಕೊಡುವುದು ಎಂದು ಅವರು ಒಪ್ಪಿದರು. ಶಾಲೆಯ ಶಿಕ್ಷಕಿಯಾದ ನಾನು ಅವರಿಗೆ 'ಬಾಯಾರು'.

"ಆದ್ರ ಬಾಯಾರ, ಮೊದಲ ಹೇಳಿಬಿಡ್ತೇನಿ. ನನಗ ಕರೆಂಟ್ ಗೊತ್ತೈತಿ, ಗಿಟಾರ್ ಗೊತ್ತಿಲ್ಲ."

"ನನಗ ಗಿಟಾರ್ ಗೊತ್ತೈತ್ರಿ, ಕರೆಂಟ್ ಗೊತ್ತಿಲ್ಲ."

"ಹಂಗಾದ್ರ ಇಬ್ಬರೂ ಕೂಡಿ ಒಬ್ಬ ಶಾಣ್ಯಾ ಆದ್ವಿ ಬಿಡ್ರಿ."

ಸೋಮವಾರ ಗಂಟು ಬಂತು. ಮಶಿನು ಇನ್ನೂ ಆಗಿರಲಿಲ್ಲ. ಅವ್ವ ನಡುಮನೆಯಲ್ಲಿ ಚಾಪೆ ಹಾಸಿ, ಸೀರೆ ಬಿಚ್ಚಿದ ಹಾಗೆಯೇ ಎರಡನ್ನೂ ಬಿಚ್ಚಿಟ್ಟಳು. ಒಂದು ಕಂದು ಬಣ್ಣದ್ದು, ಒಳಗೆ ಟೊಳ್ಳು, ನನ್ನ ಸಾದಾ ಗಿಟಾರಿನ ಅಣ್ಣನಂತೆ ಕಾಣುತ್ತಿತ್ತು. ಗೋವೆಯ ಯಾವುದೋ ಬ್ಯಾಂಡಿನವರು ಮಾರಿದ್ದಂತೆ. ಬೆನ್ನಿನ ಮೇಲೆ ಅಂಗಿಯ ಗುಂಡಿ ತಿಕ್ಕಿದ ಗೀರುಗಳಿದ್ದವು. ಇನ್ನೊಂದು ಹೊಸದು, ಕಲಕತ್ತೆಯಲ್ಲಿ ಮಾಡಿದ್ದು, ಕಡುಗೆಂಪು. ಅದು ಇಡೀ ಒಂದೇ ದಪ್ಪ ಹಲಗೆ. ಎರಡರಲ್ಲೂ ತಂತಿಗಳ ಕೆಳಗೆ ಅಯಸ್ಕಾಂತದ ಪಟ್ಟಿ ಕೂರಿಸಿದ್ದರು.

ಅಪ್ಪ ಕೆಂಪು ಗಿಟಾರಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಸೀರೆಯ ನೇಯ್ಗೆಯ ಪೋತ ನೋಡುವವರಂತೆ ತಿಕ್ಕಿ ನೋಡಿದರು. "ಮಾಲ ಗಟ್ಟಿ ಐತಿ" ಎಂದರು.

ಅವ್ವ ಅದನ್ನು ತಿರುವಿ ಮುರುವಿ ಹಾಕಿದಳು. "ಗಟ್ಟಿ ತಗೊಂಡ ಏನ ಮಾಡೂದು? ಇದಕ್ಕ ಹೊಟ್ಟಿನ ಇಲ್ಲ. ಹೊಟ್ಟಿ ಇಲ್ಲದ್ದಕ್ಕ ದನಿ ಎಲ್ಲಿಂದ ಬರಬೇಕು? ಅರಿವಿ ಒಗ್ಯಾಣದ ಹಲಗಿ ಇದ್ದಂಗೈತಿ."

ನಗು ಬಂತು, ಆದರೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಮೂರು ದಿನ ಎರಡನ್ನೂ ಕರೆಂಟಿಲ್ಲದೆ ಪರೀಕ್ಷೆ ಮಾಡಿದೆ. ಕುತ್ತಿಗೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದೆ. ಪ್ರತಿ ತಂತಿಯನ್ನೂ ಕುತ್ತಿಗೆಯ ಪ್ರತಿ ಮೆಟ್ಟಿಲಿನ ಮೇಲೂ ಒತ್ತಿ, ಎಲ್ಲಾದರೂ ಜಿರ್ ಎನ್ನುತ್ತದೆಯೇ ಎಂದು ಕೇಳಿದೆ. ದವಡೆಯನ್ನು ಮರಕ್ಕೆ ಒತ್ತಿ ಕಂಪನ ಎಷ್ಟು ಹೊತ್ತು ಉಳಿಯುತ್ತದೆಂದು ಎಣಿಸಿದೆ. ಕಂದು ಗಿಟಾರು ಮಾತಾಡುತ್ತಿತ್ತು. ಕೆಂಪಿನದು ಡಬ್ಬಿಯೊಳಗಿನ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು. ಅದರ ತಂತಿಗಳು ಎಷ್ಟು ತೆಳುವೆಂದರೆ, ನನ್ನ ಬೆರಳಿನ ರೂಢಿಯ ಬಲಕ್ಕೆ ಸ್ವರ ಏರಿ ಹೋಗುತ್ತಿತ್ತು. ಗುರುವಾರ ಬೆಳಿಗ್ಗೆ ಅಪ್ಪನಿಗೆ ಹೇಳಿದೆ: "ಕಂದು ಇರ್ಲಿ. ಕೆಂಪು ಕಳಿಸ್ರಿ."

"ಮಶಿನ್ ಬರ್ಲಿ ತಡಿ" ಎಂದರು ಅಪ್ಪ. "ಸೀರಿ ಉಟ್ಟ ನೋಡದ ಹೆಂಗ ವಾಪಸ್ ಮಾಡ್ತಿ?"

ಅಂದು ಸಂಜೆಯೇ ಉಸ್ತಾದರು ಮಶಿನನ್ನು ಹೊತ್ತು ತಂದರು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಸ್ಪೀಕರು, ಬದಿಗೆ ರೇಡಿಯೊದಿಂದ ಕಿತ್ತ, ತಿರುಗಿಸುವ ಎರಡು ಕಿವಿಗಳು, ಒಂದು ದನಿಗೆ, ಇನ್ನೊಂದು ಯಾತಕ್ಕೆಂದು ಅವರೂ ಸರಿಯಾಗಿ ಹೇಳಲಿಲ್ಲ. ವೈರು ಜೋಡಿಸುತ್ತ ನನ್ನ ಪಾದ ನೋಡಿ ಕೈ ತಡೆದರು.

"ಬಾಯಾರ, ಹಿಂಗ ನಡ್ಯಂಗಿಲ್ಲ. ಹವಾಯಿ ಬೇಕು."

ಕಬ್ಬಿಣದ ತುಂಡು ಜಾರಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿ ಗಿಟಾರ್ ಬೇರೆಯೇ ವಿದ್ಯೆ. "ನನಗ ಹವಾಯಿ ಬರೂದಿಲ್ರಿ" ಎಂದೆ.

"ಬರೂದೇನದು? ಹಾಕ್ಕೊಂಡ್ರ ಆತು."

"ಕಲ್ತೇ ಇಲ್ರಿ ನಾನು. ಅದರ ಕೈನ ಬ್ಯಾರೆ."

"ಕೈಗ್ಯಾಕ ಹಾಕ್ತೀರಿ? ಕಾಲಿಗೆ ಹಾಕ್ಕೋರಿ!" ಅವರಿಗೆ ಗಾಬರಿ. "ಹವಾಯಿ ಚಪ್ಪಲ್ರೀ! ರಬ್ಬರಿಂದು! ಈ ಮಶಿನ್ ರೇಡಿಯೊದ್ದು, ತಂತಿ ಮುಟ್ಟಿದ್ರ ಚೂರ ಕರೆಂಟ್ ಬರ್ತೈತಿ. ಬರಿಗಾಲಾಗ ಬ್ಯಾಡ. ಟ್ರಾನ್ಸ್‌ಫಾರ್ಮರ್ ಹುಬ್ಬಳ್ಳಿಂದ ಬಂದ ಮ್ಯಾಲ ಚಿಂತಿಲ್ಲ."

ಅಪ್ಪ ನಕ್ಕು ನಕ್ಕು ಗೋಡೆಗೆ ಒರಗಿದರು. ಅವ್ವ ನಗಲಿಲ್ಲ. ನಡುಮನೆಯ ಗೋಡೆಯಾಚೆಗೇ ದೇವರ ಕೋಣೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಳ್ಳದೆ ಆಕೆ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಹೊಸ್ತಿಲಿನ ಒಳಗೆ ಚಪ್ಪಲಿ ಬಂದದ್ದು ನಾನಂತೂ ಕಂಡಿರಲಿಲ್ಲ.

"ಮನ್ಯಾಗ ಚಪ್ಪಲಿ ಮೆಟ್ಟಿ ಬಾರಸೂದ ಆದ್ರ ಎರಡೂ ಕಟ್ರಿ ಸಾಹೇಬ್ರ, ತಗೊಂಡ ಹೋಗ್ರಿ" ಎಂದಳು.

ವಾದ ಮಾಡುವುದು ನನಗೆ ಬರುತ್ತಿರಲಿಲ್ಲ. ಕಂದು ಗಿಟಾರನ್ನು ಗೋಡೆಗೆ ಆನಿಸಿ, ಎದ್ದು ನಿಂತೆ. ಮುಖ ತಿರುಗಿಸಿಕೊಂಡೆನೆಂದು ತೋರುತ್ತದೆ. ಅವ್ವ ನನ್ನನ್ನು ಒಂದು ಕ್ಷಣ ನೋಡಿದಳು. ಸೆರಗು ಹೊದ್ದು ಹೊರಗೆ ಹೋದಳು. ಕಾಲು ತಾಸಿನ ಮೇಲೆ ಬಂದಾಗ ಕೈಯಲ್ಲಿ ಕಾಗದ ಸುತ್ತಿದ ಹೊಸ ಹವಾಯಿ ಚಪ್ಪಲಿಗಳಿದ್ದವು. ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ತೊಳೆದಳು, ಒರೆಸಿದಳು, ಚಾಪೆಯ ಮೇಲೆ ಜೋಡಿಸಿಟ್ಟಳು.

"ಇವು ನೆಲಾನ ಕಂಡಿಲ್ಲ. ನೆಲ ಕಾಣದ್ದು ಚಪ್ಪಲಿ ಹೆಂಗಾಗ್ತಾವು? ಹೊರಗ ಒಂದ ಹೆಜ್ಜಿ ಇಟ್ಟಿ ಅಂದ್ರ ನೋಡು ಮತ್ತ." ಉಸ್ತಾದರ ಕಡೆ ತಿರುಗಿದಳು. "ಇನ್ನ ಹಚ್ರಿ ನಿಮ್ಮ ಕರೆಂಟ್."

ಹೇಳಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ಮೊದಲು ಕಂದು. ಒಂದು ಸ್ವರ ನುಡಿಸಿದೆ. ಸ್ಪೀಕರಿನಿಂದ ಅದು ತುಂಬಿಕೊಂಡು ಬಂತು. ಖುಷಿಯಾಗಿ ಇನ್ನೊಂದು ನುಡಿಸಿದೆ. ಆಮೇಲೆ ನಾನು ಕೈ ತೆಗೆದರೂ ಅದು ನಿಲ್ಲಲಿಲ್ಲ. ಗುಂ ಎಂದು ಏರುತ್ತ ಏರುತ್ತ ಹುಚ್ಚು ಹಿಡಿದಂತೆ ಊಳಿಡತೊಡಗಿತು. ಮಾಡದಲ್ಲಿದ್ದ ಹಿತ್ತಾಳೆಯ ತಂಬಿಗೆ ನಡುಗಿತು. ಉಸ್ತಾದರು ಕಿವಿ ತಿರುಗಿಸಿ ಬಾಯಿ ಮುಚ್ಚಿಸಿದರು.

"ಟೊಳ್ಳ ಐತಲ್ರಿ. ತನ್ನ ದನಿ ತಾನ ಕೇಳಿ, ಮತ್ತಷ್ಟ ಒದರತೈತಿ. ದನಿ ಕಡಿಮಿ ಮಾಡಿದ್ರ ಸುಮ್ನಿರ್ತೈತಿ."

ಕಡಿಮೆ ಮಾಡಿದರೆ ಅದು ನನ್ನ ಹಳೆಯ ಗಿಟಾರೇ.

ಆಮೇಲೆ ಕೆಂಪು. ಎಂದಿನಂತೆ ನುಡಿಸಿದೆ. ಆಗ ಕೇಳಿಸಿದ್ದನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಉಗುರು ತಂತಿಗೆ ಬಡಿದದ್ದು, ಬೆರಳು ಜಾರುವಾಗಿನ ಕೀರಲು, ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವ ಅವಸರ, ಎಲ್ಲ ಎಂಟು ಪಟ್ಟಾಗಿ ಹೊರಬಂತು. ನನಗೆ ಬರುತ್ತದೆ ಎಂದುಕೊಂಡಿದ್ದರಲ್ಲಿ ಅರ್ಧ ಬರುತ್ತಲೇ ಇರಲಿಲ್ಲ.

ಉಸ್ತಾದರು ತಲೆ ಕೆರೆದುಕೊಂಡರು. "ತಪ್ಪ ತಿಳೀಬ್ಯಾಡ್ರಿ ಬಾಯಾರ. ನಿಮ್ಮ ಮಾತ ಪಕ್ಕದಾಗ ಕುಂತವರಿಗಿ ಕೇಳಸಂಗಿಲ್ಲ. ಕೈ ಮಾತ್ರ ಇಷ್ಟ್ಯಾಕ ಬಿರುಸು? ಯಾರ ಮ್ಯಾಲ ಸಿಟ್ಟು?"

ಯಾರ ಮೇಲೂ ಸಿಟ್ಟಿರಲಿಲ್ಲ. ಗ್ಯಾದರಿಂಗಿನ ತಾಲೀಮಿನಲ್ಲಿ ಹುಡುಗಿಯರ ದನಿಯ ಮೇಲೆ ಕೇಳಿಸಲೆಂದು ಎರಡು ತಿಂಗಳು ಬಡಿದು ಬಡಿದು ಕೈ ಹಾಗಾಗಿತ್ತು. ಅದಕ್ಕೂ ಮೊದಲು ಹಾಸ್ಟೆಲಿನಲ್ಲಿ ನಾನು ನುಡಿಸುತ್ತಿದ್ದುದೇ ಬೇರೆ. ಜೊತೆಗಾತಿ ಓದುತ್ತಿದ್ದಾಗ, ಪುಟ ತಿರುವುವ ಸದ್ದಿಗಿಂತ ಮೇಲೆ ಹೋಗದಂತೆ ಬೆರಳ ತುದಿಯ ಮಾಂಸದಿಂದ ಮಾತ್ರ. ಹಾಗೆ ನುಡಿಸಿ ನೋಡಿದೆ. ಒತ್ತಲಿಲ್ಲ, ತಂತಿಯ ಮೇಲೆ ಬೆರಳಿಟ್ಟು ಬಿಟ್ಟೆ, ಅಷ್ಟೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ದುಂಡಗೆ, ನೆಟ್ಟಗೆ ಬಂತು. ಏರಿ ಹೋಗಲಿಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಈಗ ಬಾರಿಸಿದ್ದು ಯಾವುದದು?"

ನಾನು ಕೆಂಪಿನದನ್ನು ತೋರಿಸಿದೆ.

"ಹಲಗಿನಾ?" ಎಂದಳು. "ಹೊಟ್ಟಿ ಇಲ್ಲದ್ದು ಇಷ್ಟ ಮಾತಾಡತೈತಿ! ಮತ್ತ ಬಾರಸು. ಒಲಿ ಮ್ಯಾಲಿನ ರೊಟ್ಟಿ ಹೊತ್ತಿದ್ರ ಹೊತ್ತಲಿ."

ಆದರೂ ಭಾನುವಾರದವರೆಗೆ ನಿರ್ಧಾರವಾಗಲಿಲ್ಲ. ಕಂದು ಗಿಟಾರಿನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಅದನ್ನು ತೊಡೆಯ ಮೇಲಿಟ್ಟರೆ ನನ್ನ ಎಂಟು ವರ್ಷದ ವಿದ್ಯೆ ನನ್ನಲ್ಲೇ ಇರುತ್ತಿತ್ತು. ಕೆಂಪಿನದನ್ನು ಇಟ್ಟುಕೊಂಡರೆ ಮೊದಲಿನಿಂದ ಕಲಿಯಬೇಕು. ಆದರೆ ನನಗೆ ಬೇಕಾದದ್ದು ಕೇಳಿಸುವ ಗಿಟಾರು; ನಾನು ಗಟ್ಟಿಯಾಗದೆಯೂ ಕೇಳಿಸುವುದು ಅದೊಂದೇ. ಸೋಮವಾರದ ಬಸ್ಸಿಗೆ ಕಂದು ಗಿಟಾರನ್ನು ಕಳಿಸಿದೆ.

ವರ್ಷವಿಡೀ ಕಲಿತೆ. ಹುಬ್ಬಳ್ಳಿಯಿಂದ ಟ್ರಾನ್ಸ್‌ಫಾರ್ಮರ್ ಬಂತು. ಮುಂದಿನ ಗ್ಯಾದರಿಂಗಿಗೆ ಉಸ್ತಾದರೇ ಬಂದು ವೇದಿಕೆಯ ಮೇಲೆ ಮಶಿನು ಹೂಡಿಕೊಟ್ಟರು. ಹುಡುಗಿಯರು ಹಾಡು ಎತ್ತುವ ಮೊದಲು ನನ್ನದೊಂದು ಸಣ್ಣ ಪೀಠಿಕೆ ಇತ್ತು. ಮೊದಲ ಸ್ವರಕ್ಕೇ ಸಭೆಯ ಮಾತು ತಗ್ಗಿತು. ಅಷ್ಟು ಜನ ಸುಮ್ಮನಾದದ್ದು ನನ್ನಿಂದ ಎಂದು ಹೊಳೆದದ್ದೇ ತಡ, ಕೈ ತಪ್ಪಿ ನಾಲ್ಕನೆಯ ಮೆಟ್ಟಿಲಿಗೆ ಬದಲು ಐದನೆಯದಕ್ಕೆ ಹೋಯಿತು. ಅಪಸ್ವರವೂ ಅಷ್ಟೇ ದುಂಡಗೆ, ಅಷ್ಟೇ ಸ್ಪಷ್ಟವಾಗಿ ಕೊನೆಯ ಬೆಂಚಿನವರೆಗೂ ಹೋಯಿತು. ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

ಹಿಂದಿನಿಂದ ಯಾರೋ ಗಂಡಸು, ಮಿಲ್ಲಿನ ಪಾಳಿ ಮುಗಿಸಿ ನೇರ ಬಂದವರಿರಬೇಕು, ಕೂಗಿ ಹೇಳಿದರು: "ಇರ್ಲಿ ಬಿಡ್ರಿ ಅಕ್ಕಾರ! ಮತ್ತೊಮ್ಮಿ ಮೊದಲಿಂದ ಬಾರಸ್ರಿ, ಛಲೋ ಐತಿ!"

ಸಭೆ ನಕ್ಕಿತು. ನಾನೂ ನಕ್ಕೆ. ಮೊದಲಿನಿಂದ ನುಡಿಸಿದೆ.