ಅರ್ಧಕ್ಕೆ ಬಿಟ್ಟ ಸೆರಗು

ಮಗ್ಗದ ಕುಣಿಯಿಂದ ನಾನು ಪದೇ ಪದೇ ಏಳತೊಡಗಿದ್ದೇ ಕಾಯಿಲೆಯ ಮೊದಲ ಗುರುತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ನೆಲ ಅಗೆದು ಕೂರಿಸಿದ ಮಗ್ಗಗಳೇ ಹೆಚ್ಚು. ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ಒಮ್ಮೆ ಇಳಿದು ಕುಳಿತವರು ಹಸಿವಾಗುವವರೆಗೆ ಏಳುವುದಿಲ್ಲ. ನಾನು ಏಳುತ್ತಿದ್ದೆ. ನಾಲ್ಕು ಎಳೆ ನೇಯುವುದು, ಸಂಡಾಸಿಗೆ ಓಡುವುದು, ಬಂದು ಕೂರುವುದು, ಮತ್ತೆ ಓಡುವುದು.

ಅದೇ ಕೋಣೆಯ ಇನ್ನೊಂದು ಮಗ್ಗದಲ್ಲಿ ಅತ್ತೆ ನೇಯುತ್ತಿದ್ದರು. ಅವರದು ಮಾತು ಕಡಿಮೆ, ಕಣ್ಣು ಜಾಸ್ತಿ.

“ಯಾಕ ಗಿರಿಜವ್ವ, ಕುಣ್ಯಾಗ ಮುಳ್ಳು ಅದಾವೇನ?” ಎಂದರು.

ನಕ್ಕುಬಿಟ್ಟೆ. ಆ ಸಂಜೆ ಮಲದಲ್ಲಿ ರಕ್ತ ಕಂಡಿತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಜೋಳದ ರೊಟ್ಟಿ, ಬೇಳೆ, ಸೊಪ್ಪು ತಿಂದವರೇ. ಆದರೂ ರೋಗ ಬಂತು. ಅದರ ಹಿಂದೆಯೇ, ಯಾವ ಡಾಕ್ಟರರಿಗೆ ತೋರಿಸಬೇಕೆಂಬ ಜಗಳವೂ ಬಂತು. ಕೊನೆಗೆ ನನ್ನ ಗಂಡ ಯಾರ ಮಾತನ್ನೂ ಕೇಳದೆ ನನ್ನನ್ನು ಬಸ್ ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ತುಂಬಾ ಹುಣ್ಣು. ಗುಳಿಗೆ, ಇಂಜೆಕ್ಷನ್, ಸಲೈನ್ ಎಲ್ಲ ಆಯಿತು. ಹುಣ್ಣು ಮಾತ್ರ ಜಗ್ಗಲಿಲ್ಲ.

ದೊಡ್ಡ ಕರುಳನ್ನು ತೆಗೆದರು.

ಆ ದಿನಗಳು ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಬಂದರೂ ಮಂಜಿನೊಳಗಿಂದ ಬರುತ್ತವೆ. ಮಂಪರಿನಲ್ಲಿ ಮಲಗಿದ್ದಾಗ ಯಾರೋ ದೂರದಲ್ಲಿ ನೇಯುತ್ತಿರುವ ಸದ್ದು ಕೇಳುತ್ತಿತ್ತು. ಯಾರ ಮಗ್ಗವಿರಬಹುದು, ಏಟು ಇಷ್ಟು ಸಮ ಬೀಳುತ್ತಿದೆಯಲ್ಲ ಎಂದು ಮೆಚ್ಚಿಕೊಂಡು ಮಲಗಿದ್ದೆ. ಕಣ್ಣು ಬಿಟ್ಟಾಗ ಅದು ತಲೆಯ ಹತ್ತಿರವಿದ್ದ ಮಾನಿಟರ್ ಆಗಿತ್ತು. ಹೊಟ್ಟೆಯ ಮೇಲೆ ಒಂದು ಚೀಲ ಅಂಟಿಸಿದ್ದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದಿದ್ದರು; ಬರುವುದೆಲ್ಲ ಆ ಚೀಲಕ್ಕೆ ಬರುತ್ತಿತ್ತು.

ಆ ಚೀಲ ನನ್ನ ಜೀವ ಉಳಿಸಿತು. ಅದನ್ನು ಬೈಯುವುದಿಲ್ಲ. ವಾರ್ಡಿನಲ್ಲಿ ಪರಿಚಯವಾದ ಒಬ್ಬ ಟೀಚರ್ ಚೀಲ ಕಟ್ಟಿಕೊಂಡೇ ಪಾಠ ಮಾಡುತ್ತಾರೆ. ಆದರೆ ಮಗ್ಗದಲ್ಲಿ ಕೂತರೆ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಸರಿಯಾಗಿ ಹೊಟ್ಟೆಗೆ ತಾಗುತ್ತದೆ. ಮೊದಲ ದಿನವೇ ಚೀಲ ಕಿತ್ತುಬಂದು, ನೇಯುತ್ತಿದ್ದ ಸೀರೆ ಹಾಳಾಯಿತು. ಅತ್ತೆ ನನ್ನ ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿದರು.

ಆ ಚಾದರ ನೋಡಿದಾಗಲೆಲ್ಲ ಅಳು ಬರುತ್ತಿತ್ತು. ಮನೆಯವರು, ಕಸೂತಿ ಮಾಡು, ನೂಲಿನ ಉಂಡೆ ಸುತ್ತು, ಬೇರೆ ಕೆಲಸ ಇಲ್ಲವೇ ಎಂದರು. ಇದ್ದವು. ಆದರೆ ಮದುವೆಯಾಗಿ ಬಂದಂದಿನಿಂದ ನನಗೆ ನನ್ನದು ಅಂತ ಇದ್ದದ್ದು ಆ ಕುಣಿ ಒಂದೇ. ನನಗೆ ಮಗ್ಗ ಬೇಕಿತ್ತು.

ಹುಬ್ಬಳ್ಳಿಯ ಸರ್ಜನ್‌ಗೆ ಅದನ್ನೇ ಹೇಳಿದೆ. ಅವರು ಕಾಂಟಿನೆಂಟ್ ಇಲಿಯಾಸ್ಟಮಿ ಎಂಬ ಇನ್ನೊಂದು ಆಪರೇಷನ್ ಬಗ್ಗೆ ಹೇಳಿದರು. ಸಣ್ಣ ಕರುಳಿನ ಕೊನೆಯ ಭಾಗವನ್ನೇ ಮಡಿಸಿ ಹೊಲಿದು ಹೊಟ್ಟೆಯೊಳಗೆ ಒಂದು ಪೌಚ್ ಮಾಡುವುದು. ಅದರ ಬಾಯಿಗೆ ಕರುಳಿನದೇ ಒಂದು ವಾಲ್ವ್. ಹೊರಗೆ ಕಾಣುವುದು ಚಿಕ್ಕ ತೂತು ಮಾತ್ರ. ಕ್ಯಾಥೆಟರ್ ಎಂಬ ಮೆತ್ತಗಿನ ನಳಿಕೆ ಹಾಕಿದಾಗ ಖಾಲಿಯಾಗುತ್ತದೆ. ತೆಗೆದರೆ ತಾನೇ ಮುಚ್ಚಿಕೊಳ್ಳುತ್ತದೆ.

“ನಮ್ಮತ್ತಿ ಎಲಿ ಅಡಿಕಿ ಸಂಚಿ ಇದ್ದಂಗ ಏನ್ರಿ?” ಎಂದು ಕೇಳಿದೆ.

“ಹೌದ್ರಿ, ಹಂಗ ಅನ್ಕೋರಿ. ಆದ್ರ ಇದರ ವಾಲ್ವ್ ಒಮ್ಮೊಮ್ಮೆ ಜಾರತದ. ಜಾರಿದ್ರ ಮತ್ತ ಆಪರೇಷನ್ ಮಾಡಬೇಕಾಗ್ತದ. ಎಲ್ಲಾರಿಗೂ ಇದು ಹೊಂದೂದಿಲ್ಲ. ಮನ್ಯಾಗ ಕೂತು ವಿಚಾರ ಮಾಡ್ರಿ.”

ವಿಚಾರ ಮಾಡಿದೆವು. ಒಪ್ಪಿದೆವು.

ತೂತು ಎಲ್ಲಿರಬೇಕೆಂದು ಗುರುತು ಹಾಕಲು ಸಿಸ್ಟರ್ ಬಂದು, ಕುಳಿತುಕೊಳ್ಳಿ ಎಂದರು. ಮಂಚದ ತುದಿಗೆ ಕೂತೆ. ಇದು ನಾನು ಕೂರುವ ರೀತಿಯಲ್ಲ ಎಂದೆ. ಆಗ ನನ್ನ ಗಂಡ ಎದುರಿಗೆ ಮೊಣಕಾಲೂರಿ, ತಮ್ಮ ತೋಳನ್ನೇ ದಿಂಡಿನಂತೆ ನನ್ನ ಹೊಟ್ಟೆಗೆ ಅಡ್ಡ ಹಿಡಿದರು. ಬರಿಗಾಳಿಯಲ್ಲಿ ಲಾಳಿ ಎಳೆದೆ, ಬಾಗಿದೆ, ಕಾಲಿನಿಂದ ತುಳಿದೆ. ವಾರ್ಡಿನವರೆಲ್ಲ ಎದ್ದು ಕೂತು ನೋಡಿದರು. ಸಿಸ್ಟರ್ ನಗುತ್ತಲೇ, ತೋಳು ತಾಗದ ಕಡೆ, ಕೆಳಗೆ, ಬಲಕ್ಕೆ ಪೆನ್ನಿನಿಂದ ಗುರುತು ಮಾಡಿದರು.

ಆಪರೇಷನ್ ಆದ ಮೇಲೆ ಕೆಲವು ವಾರ ಕ್ಯಾಥೆಟರ್ ಒಳಗೇ ಇತ್ತು. ಪೌಚ್ ಮಾಗಬೇಕಂತೆ. ಕ್ಯಾಥೆಟರ್ ತೆಗೆದ ದಿನದಿಂದ ನನ್ನ ಹೊಸ ಶಾಲೆ ಶುರುವಾಯಿತು. ಮೊದಲು ಪದೇ ಪದೇ ಖಾಲಿ ಮಾಡುವುದು, ಆಮೇಲೆ ನಿಧಾನಕ್ಕೆ ನಡುವಿನ ಹೊತ್ತು ಹಿಗ್ಗಿಸುವುದು. ನಳಿಕೆಯ ತುದಿಗೆ ಜೆಲ್ಲಿ ಹಚ್ಚಿ ಒಳಗೆ ಇಳಿಸಿದಾಗ ಒಂದು ಕಡೆ ಸಣ್ಣಗೆ ತಡೆಯುತ್ತದೆ. ಅದು ವಾಲ್ವ್. ಅಲ್ಲಿ ಉಸಿರು ಬಿಡಬೇಕು. ಆಗ ಅದು ದಾರಿ ಕೊಡುತ್ತದೆ. ಹೊಟ್ಟೆ ಹಗುರಾಗುತ್ತಾ ಬಂದಂತೆ ಕಣ್ಣು ತಾನೇ ಮುಚ್ಚುತ್ತದೆ. ಆ ಎರಡು ಗಳಿಗೆ ನಾನು ಎಲ್ಲೋ ತೇಲಿಹೋಗಿರುತ್ತೇನೆ, ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಮಾತ್ರ ಕಾಣುತ್ತದೆ. ಬರುವುದು ಮಂದವಾಗಿದ್ದರೆ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರು ಬಿಟ್ಟು ತೊಳೆಯುತ್ತೇನೆ. ಆಮೇಲೆ ಕ್ಯಾಥೆಟರ್ ತೊಳೆದು ಒಣಗಿಸಿ, ತೂತಿನ ಮೇಲೆ ಒಂದು ಪ್ಯಾಡ್ ಇಡುವುದು. ರೊಟ್ಟಿಯ ಜೊತೆ ತಿನ್ನುತ್ತಿದ್ದ ಹಸಿ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು ಬಂದ್. ನಾರು ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಆಸೆ ಇನ್ನೂ ಹೋಗಿಲ್ಲ.

ಪ್ಯಾಡ್‌ಗಳನ್ನು ಅತ್ತೆ ಹಳೆಯ ಸೀರೆಯಿಂದ ಹೊಲಿದುಕೊಟ್ಟರು. ಎರಡೇ ದಿನದಲ್ಲಿ ಚರ್ಮ ಕೆಂಪಾಗಿ ಉರಿಯತೊಡಗಿತು. ನೋಡಿದರೆ ಪ್ರತಿಯೊಂದಕ್ಕೂ ಗಂಜಿ ಹಾಕಿ, ಗರಿಗರಿಯಾಗಿ ಒಣಗಿಸಿದ್ದರು.

“ಅರಿವಿ ಅಂದಮ್ಯಾಗ ಗಂಜಿ ಬ್ಯಾಡೇನ?” ಎಂದು ನನ್ನನ್ನೇ ಕೇಳಿದರು.

ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ನನ್ನ ಮಗ್ಗದ ಚಾದರ ತೆಗೆದೆವು. ದಿಂಡು ತಾಗಿತು, ಆದರೆ ತೂತಿಗಲ್ಲ. ಹೊಸ ಸೀರೆಗೆ ಕೆಂಪು ಅಂಚು, ಒಡಲಿನ ತುಂಬ ಚೌಕಡಿ. ಕೈ ಮೊದಮೊದಲು ತಡವರಿಸಿತು, ಆಮೇಲೆ ತಾನೇ ನಡೆಯಿತು. ನನಗೆ ಹೇಳಲಾರದಷ್ಟು ಸಂತೋಷ. ಮಗ್ಗದ ಲಯ ಒಮ್ಮೆ ಹಿಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಣ್ಣ ಕಣ್ಣೊಳಗೆ ಹರಿಯುತ್ತದೆ, ನೇಯುವವಳು ನಾನೋ ಇನ್ಯಾರೋ ಎನಿಸುತ್ತದೆ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಸೆರಗಿಗೆ ಕೈ ಹಚ್ಚಿದರೆ ಅದು ಮುಗಿಯುವ ತನಕ ಏಳಬಾರದು. ಎದ್ದು ಬಂದು ಮತ್ತೆ ಕೂತರೆ ಏಟಿನ ಬಿಗಿ ಬದಲಾಗಿ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ಸೆರಗು ಹೆಣ್ಣುಮಗಳ ತಲೆಯ ಮೇಲೆ ಬರುವಂಥದ್ದು, ಅದರಲ್ಲಿ ಗೆರೆ ಇರಬಾರದು ಎನ್ನುವುದು ಅತ್ತೆಯ ಮಾತು. ಸೀರೆಯ ಒಡಲು ಮುಗಿದ ದಿನ ಮಧ್ಯಾಹ್ನ ನಾನು ಸೆರಗು ಶುರು ಮಾಡಿದೆ. ಖಾಲಿ ಮಾಡುವ ಹೊತ್ತು ಮೀರಿ ಹೊಟ್ಟೆ ಬಿಗಿಯುತ್ತಿತ್ತು. ಇನ್ನೊಂದು ಗೇಣು, ಇನ್ನೊಂದು ಬೆರಳು ಎಂದುಕೊಂಡೆ. ಚೊಚ್ಚಲ ಸೀರೆ ನೇಯುವವಳಂಥ ಹಠ. ಕೊನೆಗೆ ನೋವು ತಡೆಯಲಾರದೆ ಎದ್ದು ಬಚ್ಚಲಿಗೆ ಹೋದೆ.

ಕ್ಯಾಥೆಟರ್ ಒಳಗೆ ಹೋಗಲಿಲ್ಲ.

ಮತ್ತೆ ಜೆಲ್ಲಿ ಹಚ್ಚಿದೆ. ಹೋಗಲಿಲ್ಲ. ವಾಲ್ವ್ ಜಾರಿತು, ಮತ್ತೆ ಆಪರೇಷನ್, ಮತ್ತೆ ಚಾದರ ಎಂದುಕೊಂಡೆ. ಗಂಡ ಸೀರೆ ಕೊಡಲು ರೋಣಕ್ಕೆ ಹೋಗಿದ್ದರು. “ಅತ್ತೀ!” ಎಂದು ಚೀರಿದೆ. ಅವರು ಬಂದು, ನನ್ನ ಮುಖ ನೋಡಿ, ಹುಬ್ಬಳ್ಳಿಯ ಸಿಸ್ಟರ್‌ಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು.

“ಗಾಬರಿ ಆಗಬ್ಯಾಡ್ರಿ. ಜೋರ್ ಮಾಡಿ ಒತ್ತಬ್ಯಾಡ್ರಿ,” ಎಂದರು ಸಿಸ್ಟರ್. “ಪೌಚ್ ಭಾಳ ತುಂಬೇದ, ನೀವೂ ಬಿಗಿ ಹಿಡದೀರಿ. ಅಂಗಾತ ಮಲಗಿ ಉಸಿರು ಬಿಡ್ರಿ. ಆಮ್ಯಾಲ ಒಂದ್ಸಲ ನೋಡ್ರಿ. ಆಗಲಿಲ್ಲಂದ್ರ ಲಗೂನ ಗಾಡಿ ಮಾಡ್ಕೊಂಡು ಬರ್ರಿ.”

ಅತ್ತೆ ಎರಡು ಮಗ್ಗಗಳ ನಡುವೆ ಚಾಪೆ ಹಾಸಿ ಮಲಗಿಸಿದರು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹೊಟ್ಟೆಯ ಮೇಲಿಟ್ಟು, ತಲೆ ಸವರುತ್ತಾ ಕೂತರು. ಓಣಿಯ ಮಗ್ಗಗಳೆಲ್ಲ ನೇಯುತ್ತಲೇ ಇದ್ದವು. ಜಂತಿಯ ಸಂದಿನಿಂದ ಬಿದ್ದ ಬಿಸಿಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಅದನ್ನೇ ನೋಡುತ್ತಾ ಮೈ ಸಡಿಲವಾಯಿತು. ಮಲಗಿದಲ್ಲೇ ಮತ್ತೊಮ್ಮೆ ಪ್ರಯತ್ನಿಸಿದೆ. ತಡೆಯಿತು. ಉಸಿರು ಬಿಟ್ಟೆ.

ಇಳಿಯಿತು.

ಅತ್ತೆ ಬೇಸಿನ್ ಹಿಡಿದರು, ತಾವೇ ತೊಳೆದರು. ನಾನು ಮುಖ ಮುಚ್ಚಿಕೊಂಡು ಅಳತೊಡಗಿದೆ. ಅಳುತ್ತಲೇ, “ಸೆರಗು ಅರ್ಧಕ್ಕ ಬಿಟ್ಟೆ, ಅತ್ತಿ,” ಎಂದೆ.

ಅವರಿಗೆ ಸಿಟ್ಟು ಬಂತು. “ಸುಡ್ಲಿ ಆ ಸೆರಗು! ರೂಢಿ ಮಾಡಿದಾಕಿ ನಮ್ಮತ್ತಿ. ಆಕಿ ಹೊಟ್ಟ್ಯಾಗೇನ್ ಪೌಚ್ ಇತ್ತೇನ?”

ಇಬ್ಬರಿಗೂ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕೆವು.

ಆಮೇಲೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಪರೀಕ್ಷಿಸಿ ವಾಲ್ವ್ ಜಾಗದಲ್ಲೇ ಇದೆ ಎಂದರು. ಮುಂದೆ ಜಾರುವುದಿಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗಲೂ ಪ್ರತಿ ಸಲ ನಳಿಕೆ ತಡೆಯುವಲ್ಲಿ ಒಂದು ಕ್ಷಣ ಹೆದರುತ್ತೇನೆ. ದಾರಿ ಸಿಕ್ಕಾಗ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಈಗ ಹೊತ್ತಾದರೆ ಅತ್ತೆಯೇ ಕೂಗುತ್ತಾರೆ, “ಏಳವ್ವ, ನಾ ಕುಂಡ್ರತೀನಿ.” ಸೆರಗಿನ ನಡುವಾದರೂ ಸರಿ. ತಮ್ಮ ಲಾಳಿ ಬಿಟ್ಟು ನನ್ನ ಕುಣಿಗೆ ಇಳಿಯುತ್ತಾರೆ. ಬಚ್ಚಲಲ್ಲಿ ಕೂತು ಕ್ಯಾಥೆಟರ್ ಹಿಡಿದುಕೊಂಡಾಗ ಗೋಡೆಯಾಚೆ ನನ್ನ ಮಗ್ಗದ ಸದ್ದು ಕೇಳುತ್ತದೆ. ಅವರ ಏಟು ನನ್ನದಕ್ಕಿಂತ ಭಾರ. ಸೆರಗಿನಲ್ಲಿ ಅವರ ಪಾಲು ಬೇರೆಯಾಗಿ ಕಾಣುತ್ತದೆ, ನೇಕಾರರ ಕಣ್ಣಿಗೆ ಖಂಡಿತ ಕಾಣುತ್ತದೆ. ಕಾಣಲಿ. ನಾನು ಕಣ್ಣು ಮುಚ್ಚಿ ಅದನ್ನು ಕೇಳುತ್ತಾ ಕೂರುತ್ತೇನೆ. ಪೂರ್ತಿ ಖಾಲಿಯಾಗುವವರೆಗೆ ಏಳುವುದಿಲ್ಲ.