ಪತ್ರೆ ಗಿಡದ ಹುಳ

ನಿಂಬೆ ಗಿಡದ ಕುಂಡಕ್ಕೆ ನೀರು ಹಾಕುವಾಗ ಎಲೆಯ ಮೇಲಿದ್ದ ಹಸಿರು ಹುಳಕ್ಕೆ ಕೈ ತಾಗಿತು. ಅದು ಸಿಟ್ಟಿನಿಂದ ತಲೆಯ ಮೇಲೆ ಎರಡು ಕೆಂಪು ಕೊಂಬು ಹೊರಹಾಕಿತು. ಜೊತೆಗೇ ನಿಂಬೆಹಣ್ಣು ಕೊಳೆತಂಥ ಘಾಟು. ಶಿವಮೊಗ್ಗದ ಈ ಮನೆಯಲ್ಲಿ ನಿಂತವಳಿಗೆ ಭದ್ರಾವತಿಯ ಪಕ್ಕದ ಮನೆ ದೊಡ್ಡಮ್ಮ ನೆನಪಾದರು...

ಸಂಬಂಧದಲ್ಲಿ ದೊಡ್ಡಮ್ಮನೇನೂ ಅಲ್ಲ. ಮದುವೆಯಾದ ಹೊಸತರಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ ಅವರದು ಪಕ್ಕದ ಮನೆ, ಅಂಗಳ ಎರಡೂ ಮನೆಗೆ ಒಂದೇ. ಸಿಮೆಂಟು ಹಾಕಿದ ಆ ಅಂಗಳದಲ್ಲಿ ಹಿಡಿ ಮಣ್ಣಿರಲಿಲ್ಲ. ಅವರು ಬಿಡಬೇಕಲ್ಲ. ಪೇಂಟಿನ ಡಬ್ಬ, ಒಡೆದ ಬಕೆಟ್, ಹಿಡಿ ಮುರಿದ ಕುಕ್ಕರ್, ಎಲ್ಲದರಲ್ಲೂ ಗಿಡ. ಗಿಡಕ್ಕಿಂತ ಹುಳಹುಪ್ಪಟೆಯೇ ಹೆಚ್ಚು. ತುಂಬೆ ಹೂವಿಗೆ ಜೇನು, ಕುಕ್ಕರಿನ ಅಂಚಿಗೆ ಜೇಡ, ಮಳೆಗಾಲದಲ್ಲಿ ದಾಸವಾಳದ ಬುಡಕ್ಕೆ ಬಸವನಹುಳು. ನಾನೊಮ್ಮೆ ಅದಕ್ಕೆ ಉಪ್ಪು ಹಾಕಲು ಹೊರಟಾಗ, “ಹೆಸರು ನೋಡಾದ್ರೂ ಬಿಡು ಮಾರಾಯ್ತಿ” ಎಂದು ಉಪ್ಪಿನ ಡಬ್ಬವನ್ನೇ ಕಿತ್ತುಕೊಂಡಿದ್ದರು.

ಎಲ್ಲಕ್ಕಿಂತ ದೊಡ್ಡ ಡ್ರಮ್ಮಿನಲ್ಲಿದ್ದದ್ದು ಬಿಲ್ವಪತ್ರೆ ಗಿಡ. ಬೆಳಗಿನ ಲಿಂಗಪೂಜೆಗೆ ಅದರದೇ ಪತ್ರೆ. ಮೂರು ದಳವೂ ಇಡಿಯಾಗಿರಬೇಕು, ಹುಳ ಕಚ್ಚಿದ್ದು ನಡೆಯದು. ಆದರೆ ನಿಂಬೆ ತಿನ್ನುವ ಹುಳಕ್ಕೆ ಪತ್ರೆಯೂ ಇಷ್ಟ. ಔಷಧಿ ಹೊಡೆಯಿರಿ ಎಂದರೆ ಅವರು ಕೇಳುತ್ತಿರಲಿಲ್ಲ. ಸ್ನಾನಕ್ಕೆ ಮೊದಲು ಪೊರಕೆ ಕಡ್ಡಿ ಹಿಡಿದು, “ಇದು ಪೂಜೇದು ಕಣೋ, ನಿಂದು ಆ ಕಡೆ” ಎಂದು ಗೊಣಗುತ್ತ ಒಂದೊಂದನ್ನೇ ಅಂಗಳದ ಮೂಲೆಯ ಕುಂಡದಲ್ಲಿ ನಾನು ಬೆಳೆಸಿದ್ದ ನಿಂಬೆ ಗಿಡಕ್ಕೆ ಸಾಗಿಸುತ್ತಿದ್ದರು. ನನ್ನ ಗಿಡ ಬೋಳಾದರೂ ಯಾಕೋ ಸಿಟ್ಟು ಬರುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಅವರ ಯಜಮಾನರಿಗೆ, ಅಂದರೆ ನಮ್ಮೆಲ್ಲರ ದೊಡ್ಡಪ್ಪನಿಗೆ, ಹೃದಯದ ಆಪರೇಷನ್ ನಿಶ್ಚಯವಾಯಿತು. ಓಡಾಟದಲ್ಲಿ ದೊಡ್ಡಮ್ಮ ಗಿಡದ ಕಡೆ ನೋಡಿರಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಗೆ ಹೊರಡುವ ಮುಂಚೆ ಪೂಜೆಗೆ ಕೂರಬೇಕು, ನೋಡಿದರೆ ಇಡೀ ಗಿಡ ತೂತು. ಹೂವಿನವರು ಬರುವ ಹೊತ್ತಾಗಿರಲಿಲ್ಲ. ಹುಡುಕಿ ಹುಡುಕಿ ತುದಿಯಲ್ಲಿ ಇಡಿಯಾದ ಒಂದೇ ಒಂದು ಪತ್ರೆ ಸಿಕ್ಕಿತು. ಅದರ ತೊಟ್ಟಿಗೇ ಒಂದು ಹುಳ ಸೊಂಟಕ್ಕೆ ನೂಲು ಬಿಗಿದುಕೊಂಡು ಗೂಡಾಗಿ ಕೂತಿತ್ತು. ಇನ್ನು ಕೆಲವು ದಿನಕ್ಕೆ ಚಿಟ್ಟೆಯಾಗುವಂಥದ್ದು, ಪತ್ರೆ ಕಿತ್ತರೆ ಅದೂ ಹೋದಂತೆ.

“ಕಿತ್ಬಿಡಿ ದೊಡ್ಡಮ್ಮ, ಇವತ್ತೊಂದಿನ” ಎಂದೆ.

ಕೈ ಚಾಚಿದರು, ಹಿಂದಕ್ಕೆ ತೆಗೆದರು. “ಒಂದು ಜೀವ ಉಳ್ಸಪ್ಪಾ ಅಂತ ಕೇಳೋಕೆ ಇನ್ನೊಂದು ಜೀವ ಹೆಂಗೆ ಕೀಳ್ಲಿ?” ಬರೀ ವಿಭೂತಿ, ನೀರಿನಲ್ಲಿ ಪೂಜೆ ಮುಗಿಸಿ ಬಸ್ಸು ಹತ್ತಿದರು.

ದೊಡ್ಡಪ್ಪ ಮನೆಗೆ ಬರಲಿಲ್ಲ...

ದೊಡ್ಡಮ್ಮನೇ ಅಳುತ್ತ ಹೇಳಿಕೊಂಡ ಪತ್ರೆಯ ವಿಷಯ ಹಿಡಿದುಕೊಂಡು, ಕುಂಸಿಯಿಂದ ಬಂದಿದ್ದ ಅವರ ನಾದಿನಿ, “ಹುಳಕ್ಕೆ ಮರುಗಿ ನಮ್ಮಣ್ಣನ್ನ ಕಳ್ಕೊಂಡ್ಲು” ಎಂದು ಬಂದವರ ಮುಂದೆಲ್ಲ ಆಡಿದರು. ನನಗೆ ಮೈ ಉರಿದುಹೋಯಿತು.

ಎಷ್ಟೋ ದಿನದ ಮೇಲೆ, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ದೊಡ್ಡಮ್ಮ ತಾವಾಗಿಯೇ ಕೇಳಿದರು. “ನೀನು ಓದ್ದೋಳು, ಹೇಳು. ಅವತ್ತು ಕಿತ್ತಿದ್ರೆ ಉಳೀತಿದ್ರಾ?”

“ಇಲ್ಲ ದೊಡ್ಡಮ್ಮ. ಪತ್ರೆಗೂ ಅದಕ್ಕೂ ಸಂಬಂಧ ಇಲ್ಲ.”

ಅವರು ನಂಬಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹಾಗಿದ್ದೂ ಮಾರನೆಯ ಬೆಳಿಗ್ಗೆ ಕಡ್ಡಿ ಹಿಡಿದು ಗಿಡದ ಮುಂದೆ ಬಗ್ಗಿದ್ದರು. ಗಂಡನ ಜೀವಕ್ಕೆ ಹುಳವೇ ಮುಳುವಾಯಿತೇನೋ ಎಂಬ ಅನುಮಾನವನ್ನು ಎದೆಯಲ್ಲಿಟ್ಟುಕೊಂಡೇ, ಒಂದಕ್ಕೂ ನೋವಾಗದಂತೆ ಸಾಗಿಸುತ್ತಿದ್ದರು. ನೋಡಲಾಗದೆ ಒಳಗೆ ಬಂದು ಅತ್ತುಬಿಟ್ಟೆ.

ಆಮೇಲೆ ನಾವು ಶಿವಮೊಗ್ಗಕ್ಕೆ ಬಂದೆವು. ಆಗೀಗ ಫೋನು, ಹಬ್ಬಕ್ಕೊಂದು ಭೇಟಿ... ಹೋದ ವರ್ಷ ದೊಡ್ಡಮ್ಮನೂ ತೀರಿಕೊಂಡರು. ಕೊನೆಯ ಸಲ ಮಾತಾಡಿದಾಗಲೂ ಏನೋ ಹೇಳುತ್ತ ಹೇಳುತ್ತ ಅದೇ ಪ್ರಶ್ನೆ ಕೇಳಿದ್ದರು, ನಾನೂ ಅದೇ ಉತ್ತರ ಕೊಟ್ಟಿದ್ದೆ. ಇನ್ನೂ ನೂರು ಸಲ ಬೇಕಾದರೂ ಹೇಳುತ್ತಿದ್ದೆ. ಕೇಳಲು ಈಗ ಅವರಿಲ್ಲ.